ಸ್ಲೈಡ್‌ನಲ್ಲಿ ವಿಶೇಷ ಚಿಹ್ನೆಗಳು: ಹಾಕುವುದು ಹೇಗೆ, ಕೆಡದಂತೆ ಉಳಿಸುವುದು ಹೇಗೆ

ಡಿಗ್ರಿ ಚಿಹ್ನೆ ಬೇಕಾದಾಗ ಇಂಗ್ಲಿಷಿನ ಓ ಅಕ್ಷರವನ್ನು ಚಿಕ್ಕದು ಮಾಡಿ ಮೇಲಕ್ಕೇರಿಸುವುದು, ಗುಣಾಕಾರಕ್ಕೆ ಎಕ್ಸ್ ಒತ್ತುವುದು, ‘ಕಡಿಮೆ ಅಥವಾ ಸಮ’ ಎಂದು ತೋರಿಸಲು < ಹಾಕಿ ಅದಕ್ಕೆ ಅಡಿಗೆರೆ ಎಳೆಯುವುದು: ಸ್ಲೈಡ್‌ಗಳಲ್ಲಿ ಇಂಥ ತೇಪೆ ಕೆಲಸ ತುಂಬ ಕಾಣುತ್ತದೆ. ಮಾಡಿದವರ ಪರದೆಯಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಫಾಂಟ್ ಬದಲಿಸಿದಾಗ, ಪಠ್ಯವನ್ನು ಬೇರೆ ಕಡೆ ಪೇಸ್ಟ್ ಮಾಡಿದಾಗ, ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಅದನ್ನು ಗಟ್ಟಿಯಾಗಿ ಓದಿದಾಗ ಬಣ್ಣ ಬಯಲಾಗುತ್ತದೆ. ಸರಿಯಾದ ಚಿಹ್ನೆ ಹಾಕಲು ಹಿಡಿಯುವ ಹೊತ್ತು ಈ ತೇಪೆಗಿಂತ ಕಡಿಮೆ. ಆದರೆ ಹಾಕಿದ್ದು ಇನ್ನೊಂದು ಕಂಪ್ಯೂಟರಿನಲ್ಲೂ ಹಾಗೇ ಕಾಣಬೇಕಾದರೆ ಫಾಂಟ್ ಮತ್ತು ಕೋಡ್ ಬಗ್ಗೆ ಸ್ವಲ್ಪ ತಿಳಿದಿರಬೇಕು.

ಪವರ್‌ಪಾಯಿಂಟ್‌ನ ಸಿಂಬಲ್ ಕಿಟಕಿ

1. ಚಿಹ್ನೆ ಬರಬೇಕಾದ ಜಾಗದಲ್ಲೇ ಕ್ಲಿಕ್ ಮಾಡಿ. ಟೆಕ್ಸ್ಟ್ ಬಾಕ್ಸ್‌ನ ಒಳಗೆ ಕರ್ಸರ್ ಮಿನುಗುತ್ತಿರಬೇಕು.
2. ಇನ್ಸರ್ಟ್ ಟ್ಯಾಬ್‌ಗೆ ಹೋಗಿ, ಬಲಗಡೆ ಇರುವ ಸಿಂಬಲ್ಸ್ ಗುಂಪಿನಲ್ಲಿ ‘ಸಿಂಬಲ್’ ಒತ್ತಿ.
3. ತೆರೆದ ಕಿಟಕಿಯ ಎಡ ಮೇಲ್ಗಡೆ ಫಾಂಟ್ ಪಟ್ಟಿ ಇದೆ. ಅದರ ತುದಿಯಲ್ಲಿರುವ ‘ನಾರ್ಮಲ್ ಟೆಕ್ಸ್ಟ್’ ಅನ್ನೇ ಮೊದಲು ಆರಿಸಿ.
4. ಬಲಗಡೆಯ ‘ಸಬ್‌ಸೆಟ್’ ಪಟ್ಟಿಯಿಂದ ಬಾಣ, ಗಣಿತ, ಕರೆನ್ಸಿ ಹೀಗೆ ಬೇಕಾದ ಗುಂಪಿಗೆ ಹಾರಿ.
5. ಚಿಹ್ನೆಯ ಮೇಲೆ ಕ್ಲಿಕ್ ಮಾಡಿ ‘ಇನ್ಸರ್ಟ್’, ಆಮೇಲೆ ‘ಕ್ಲೋಸ್’.

ಸಿಂಬಲ್ ಬಟನ್ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬರುತ್ತಿಲ್ಲ ಎಂದರೆ ಬಹುಪಾಲು ಕಾರಣ ಒಂದೇ: ಕರ್ಸರ್ ಪಠ್ಯದ ಒಳಗಿಲ್ಲ, ಬಾಕ್ಸ್‌ನ ಅಂಚು ಮಾತ್ರ ಆಯ್ಕೆಯಾಗಿದೆ. ಒಳಗೆ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಜೀವ ಬರುತ್ತದೆ. ಸಬ್‌ಸೆಟ್ ಪಟ್ಟಿಯೇ ಕಾಣದಿದ್ದರೆ ಕೆಳ ಬಲಮೂಲೆಯ ‘ಫ್ರಮ್’ ಪಟ್ಟಿ ನೋಡಿ. ಅಲ್ಲಿ ‘ಯೂನಿಕೋಡ್ ಹೆಕ್ಸ್’ ಇರಬೇಕು. ಯೂನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದು ಕೋಡ್ ಕೊಟ್ಟಿರುವ ಪಟ್ಟಿ.

ನಾರ್ಮಲ್ ಟೆಕ್ಸ್ಟ್ ಅನ್ನೇ ಆರಿಸಿ ಎಂದು ಹೇಳುವುದಕ್ಕೆ ಕಾರಣವಿದೆ. ಹಾಗೆ ಹಾಕಿದ ಚಿಹ್ನೆ ಸ್ಲೈಡ್‌ನ ಥೀಮ್ ಫಾಂಟ್‌ನೊಂದಿಗೇ ಬದಲಾಗುತ್ತದೆ. ಬೇರೆ ಫಾಂಟ್ ಆರಿಸಿ ಹಾಕಿದರೆ ಆ ಒಂದು ಚಿಹ್ನೆಗೆ ಆ ಫಾಂಟ್ ಅಂಟಿಕೊಳ್ಳುತ್ತದೆ, ನಾಳೆ ಥೀಮ್ ಬದಲಿಸಿದಾಗ ಅದು ಮಾತ್ರ ಹಳೆಯ ರೂಪದಲ್ಲೇ ಉಳಿಯುತ್ತದೆ.

ನೂರಾರು ಚೌಕಗಳ ನಡುವೆ ಕಣ್ಣು ಹಾಯಿಸಿ ಹುಡುಕುವ ಬದಲು ಅದೇ ಕಿಟಕಿಯ ‘ಕ್ಯಾರೆಕ್ಟರ್ ಕೋಡ್’ ಜಾಗದಲ್ಲಿ ಕೋಡ್ ಬರೆದುಬಿಡಿ. ಆಗಾಗ ಬೇಕಾಗುವ ಕೆಲವು: ಬಲಬಾಣ → 2192, ಎಡಬಾಣ ← 2190, ಮೇಲ್ಬಾಣ ↑ 2191, ಕೆಳಬಾಣ ↓ 2193, ಟಿಕ್ ✓ 2713, ತಪ್ಪು ಗುರುತು ✗ 2717, ≤ 2264, ≥ 2265, ≠ 2260, ≈ 2248, ಋಣ ಚಿಹ್ನೆ − 2212, ™ 2122. ಕೋಡ್ ಬರೆದರೂ ಚಿಹ್ನೆ ಸಿಗುತ್ತಿಲ್ಲ ಎಂದರೆ ಆಯ್ಕೆಯಾಗಿರುವ ಫಾಂಟ್‌ನಲ್ಲಿ ಅದು ಇಲ್ಲವೆಂದರ್ಥ. ✓ ಏರಿಯಲ್‌ನಲ್ಲಿ ಇಲ್ಲ, ಸೆಗೋ ಯುಐ ಸಿಂಬಲ್‌ನಲ್ಲಿ ಇದೆ. ಅಂಥ ಚಿಹ್ನೆಗೆ ಮಾತ್ರ ಫಾಂಟ್ ಬದಲಿಸಿ.

ವರ್ಡ್ ಬಳಸಿದವರಿಗೆ ಕೋಡ್ ಬರೆದು ಆಲ್ಟ್ ಜೊತೆ ಎಕ್ಸ್ ಒತ್ತುವ ಉಪಾಯ ಗೊತ್ತಿರುತ್ತದೆ. ಪವರ್‌ಪಾಯಿಂಟ್‌ನಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ವರ್ಡ್‌ನಲ್ಲಿ ಮಾಡಿ ಇಲ್ಲಿಗೆ ಕಾಪಿ ಮಾಡಿಕೊಳ್ಳುವುದು ಸಲೀಸು.

ಕೀಬೋರ್ಡ್‌ನಿಂದ ನೇರವಾಗಿ

ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್ ಒತ್ತಿ ಹಿಡಿದು, ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ ಕೋಡ್ ಒತ್ತಿ, ಆಲ್ಟ್ ಬಿಟ್ಟರೆ ಚಿಹ್ನೆ ಮೂಡುತ್ತದೆ. ನಮ್‌ಲಾಕ್ ಆನ್ ಇರಬೇಕು. ° ಗೆ 0176, ± ಗೆ 0177, × ಗೆ 0215, ÷ ಗೆ 0247, © ಗೆ 0169, ® ಗೆ 0174, ½ ಗೆ 0189, ¼ ಗೆ 0188, ² ಗೆ 0178, ³ ಗೆ 0179, ಮಧ್ಯಮ ಗೆರೆ – ಗೆ 0150, ಉದ್ದ ಗೆರೆ — ಗೆ 0151, ಯೂರೋ € ಗೆ 0128.

ಮೊದಲ ಸೊನ್ನೆಯನ್ನು ಬಿಡುವಂತಿಲ್ಲ. 0176 ಒತ್ತಿದರೆ ° ಬರುತ್ತದೆ. 176 ಎಂದಷ್ಟೇ ಒತ್ತಿದರೆ ಚುಕ್ಕೆ ಚುಕ್ಕೆಯ ಚೌಕ ░ ಬರುತ್ತದೆ. ಸೊನ್ನೆ ಇದ್ದರೆ ವಿಂಡೋಸ್‌ನ ಕೋಡ್ ಪಟ್ಟಿ, ಇಲ್ಲದಿದ್ದರೆ ಹಳೆಯ ಡಾಸ್ ಕಾಲದ ಪಟ್ಟಿ. ಎರಡರಲ್ಲೂ ಒಂದೇ ಅಂಕಿಗೆ ಬೇರೆ ಬೇರೆ ಚಿಹ್ನೆ. ಹಳೆಯ ಪಟ್ಟಿಯಲ್ಲಿ ಡಿಗ್ರಿಯ ಸಂಖ್ಯೆ 248.

ನಂಬರ್ ಪ್ಯಾಡ್ ಬದಲು ಅಕ್ಷರಗಳ ಮೇಲಿನ ಸಾಲಿನ ಅಂಕಿಗಳನ್ನು ಒತ್ತಿದರೆ ಚಿಹ್ನೆ ಬರುವುದಿಲ್ಲ. ಅಷ್ಟೇ ಅಲ್ಲ, ಆಲ್ಟ್ ಜೊತೆ 1, 2 ಒತ್ತುವುದು ಪವರ್‌ಪಾಯಿಂಟ್‌ನ ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ನ ಬಟನ್‌ಗಳಿಗೆ ಶಾರ್ಟ್‌ಕಟ್. ಚಿಹ್ನೆ ಕೇಳಲು ಹೋದರೆ ಫೈಲ್ ಸೇವ್ ಆಗುತ್ತದೆ, ಇಲ್ಲವೇ ಮಾಡಿದ್ದು ಅನ್‌ಡೂ ಆಗುತ್ತದೆ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಈ ದಾರಿಯನ್ನೇ ಬಿಡಿ. ವಿಂಡೋಸ್ ಕೀ ಜೊತೆ ಫುಲ್‌ಸ್ಟಾಪ್ ಒತ್ತಿದರೆ ಎಮೋಜಿ ಕಿಟಕಿ ತೆರೆಯುತ್ತದೆ, ಅದರಲ್ಲಿ ಚಿಹ್ನೆಗಳಿಗೇ ಒಂದು ಟ್ಯಾಬ್ ಇದೆ. ಕನ್ನಡ ಲೇಔಟ್‌ನಲ್ಲಿ ಟೈಪ್ ಮಾಡುತ್ತಿದ್ದರೆ ಆಲ್ಟ್ ಕೋಡ್‌ಗೆ ಮುಂಚೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬದಲಿಸಿಕೊಳ್ಳುವುದು ಕ್ಷೇಮ.

ಮ್ಯಾಕ್‌ನವರಿಗೆ ಸುಖ ಹೆಚ್ಚು. ಆಪ್ಷನ್, ಶಿಫ್ಟ್, 8 ಒಟ್ಟಿಗೆ ಒತ್ತಿದರೆ °. ಆಪ್ಷನ್ ಜೊತೆ ಜಿ ಒತ್ತಿದರೆ ©, ಆರ್ ಒತ್ತಿದರೆ ®, 2 ಒತ್ತಿದರೆ ™, ಅಲ್ಪವಿರಾಮಕ್ಕೆ ≤, ಫುಲ್‌ಸ್ಟಾಪ್‌ಗೆ ≥, ಓರೆಗೆರೆಗೆ ÷. ಉಳಿದದ್ದಕ್ಕೆ ಕಂಟ್ರೋಲ್, ಕಮಾಂಡ್, ಸ್ಪೇಸ್ ಒತ್ತಿ ಬರುವ ಕಿಟಕಿಯಲ್ಲಿ ಚಿಹ್ನೆಯ ಇಂಗ್ಲಿಷ್ ಹೆಸರು ಹುಡುಕಿ. ಕೀನೋಟ್‌ನಲ್ಲೂ ಪವರ್‌ಪಾಯಿಂಟ್‌ನಲ್ಲೂ ಇದು ನಡೆಯುತ್ತದೆ.

ಗೂಗಲ್ ಸ್ಲೈಡ್ಸ್‌ನಲ್ಲಿ ಇನ್ಸರ್ಟ್ ಮೆನುವಿನ ‘ಸ್ಪೆಷಲ್ ಕ್ಯಾರೆಕ್ಟರ್ಸ್’ ತೆರೆಯಿರಿ. ಹೆಸರು ಬರೆದು ಹುಡುಕಬಹುದು, ಯೂನಿಕೋಡ್ ಕೋಡ್ ಕೊಡಬಹುದು, ಹೆಸರೇ ಗೊತ್ತಿಲ್ಲದಿದ್ದರೆ ಪಕ್ಕದ ಖಾಲಿ ಚೌಕದಲ್ಲಿ ಮೌಸ್‌ನಿಂದ ಚಿಹ್ನೆಯನ್ನು ಗೀಚಬಹುದು. ಗೀಚಿದ್ದಕ್ಕೆ ಹೋಲುವ ಚಿಹ್ನೆಗಳನ್ನು ಅದೇ ಮುಂದಿಡುತ್ತದೆ. ಕಂಡ ಚಿಹ್ನೆಯ ಹೆಸರು ಪತ್ತೆಮಾಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಬೇರೆ ಪ್ರೋಗ್ರಾಂನಲ್ಲಿ ಕೆಲಸ ಮಾಡುವಾಗಲೂ ಇದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬಹುದು. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಇನ್ಸರ್ಟ್ ಮೆನುವಿನಲ್ಲೇ ‘ಸ್ಪೆಷಲ್ ಕ್ಯಾರೆಕ್ಟರ್’ ಇದೆ. ಅಲ್ಲಿ ಕೋಡ್ ಬರೆದು ಆಲ್ಟ್ ಜೊತೆ ಎಕ್ಸ್ ಒತ್ತುವ ಉಪಾಯ ಕೆಲಸ ಮಾಡುತ್ತದೆ.

ಒಂದೇ ಚಿಹ್ನೆ ಹತ್ತಾರು ಸಲ ಬೇಕಾದರೆ

ಪವರ್‌ಪಾಯಿಂಟ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್ ತೆರೆಯಿರಿ. ‘ರಿಪ್ಲೇಸ್’ ಜಾಗದಲ್ಲಿ ನಿಮ್ಮ ಸಂಕೇತ, ‘ವಿತ್’ ಜಾಗದಲ್ಲಿ ಚಿಹ್ನೆ ಹಾಕಿ ‘ಆಡ್’ ಒತ್ತಿ. ಸಂಕೇತ ಯಾವ ನಿಜವಾದ ಪದದಲ್ಲೂ ಬರದಂಥದ್ದಾಗಿರಲಿ: ಎರಡು ಸೆಮಿಕೋಲನ್ ಹಾಕಿ ಮುಂದೆ ಒಂದು ಅಕ್ಷರ ಸೇರಿಸಿದರೆ ಸಾಕು. ಅದನ್ನು ಬರೆದು ಸ್ಪೇಸ್ ಒತ್ತಿದ ಕೂಡಲೇ → ಬರುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲಿ ಇದೇ ಅನುಕೂಲ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ‘ಸಬ್‌ಸ್ಟಿಟ್ಯೂಷನ್ಸ್’ ಎಂಬ ಹೆಸರಿನಲ್ಲಿದೆ.

ಕೆಲವು ಬದಲಾವಣೆ ಮೊದಲೇ ಇರುತ್ತವೆ. ಕಂಸದೊಳಗೆ ಸಿ ಬರೆದರೆ ©, ಆರ್ ಬರೆದರೆ ®, 1/2 ಬರೆದರೆ ½. ಪಟ್ಟಿಯಲ್ಲಿ ‘ಕಂಸದೊಳಗೆ ಎ, ಬಿ, ಸಿ’ ಎಂದು ಉಪಭಾಗ ಬರೆಯುವವರಿಗೆ ಮೂರನೆಯದು © ಆಗಿ ಕಾಡುವುದು ಇದರಿಂದಲೇ. ಬದಲಾದ ತಕ್ಷಣ ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಬರೆದದ್ದೇ ಉಳಿಯುತ್ತದೆ. ಪದೇ ಪದೇ ಬೇಡವಾದರೆ ಆ ಸಾಲನ್ನು ಪಟ್ಟಿಯಿಂದಲೇ ಅಳಿಸಿ.

ಟಿಕ್ ಗುರುತು ಪ್ರತಿ ಸಾಲಿನ ಮೊದಲಿಗೆ ಬೇಕಿದ್ದರೆ ಟೈಪ್ ಮಾಡಲೇಬೇಡಿ. ಸಾಲುಗಳನ್ನು ಆರಿಸಿ, ಹೋಮ್ ಟ್ಯಾಬ್‌ನ ಬುಲೆಟ್ಸ್ ಪಕ್ಕದ ಬಾಣ ಒತ್ತಿ, ‘ಬುಲೆಟ್ಸ್ ಆ್ಯಂಡ್ ನಂಬರಿಂಗ್’, ಅದರೊಳಗೆ ‘ಕಸ್ಟಮೈಸ್’ ಒತ್ತಿದರೆ ಅದೇ ಸಿಂಬಲ್ ಕಿಟಕಿ ತೆರೆಯುತ್ತದೆ. ಹೀಗೆ ಹಾಕಿದ ಗುರುತಿನ ಗಾತ್ರ, ಬಣ್ಣ ಬೇರೆಯಾಗಿಯೇ ಬದಲಿಸಬಹುದು. ಮುಖ್ಯವಾಗಿ, ಸಾಲು ಎರಡನೆಯ ಗೆರೆಗೆ ಇಳಿದಾಗ ಅಕ್ಷರಗಳು ಗುರುತಿನ ಅಡಿಗೆ ನುಗ್ಗದೆ ಪಠ್ಯದ ನೇರಕ್ಕೇ ನಿಲ್ಲುತ್ತವೆ.

ಹೋಲಿಕೆಯಲ್ಲಿ ಮೋಸಹೋಗಬೇಡಿ

ಒಂದೇ ಥರ ಕಾಣುವ ಚಿಹ್ನೆಗಳು ಕಂಪ್ಯೂಟರಿಗೆ ಬೇರೆ ಬೇರೆ. ಡಿಗ್ರಿ ° ಮತ್ತು ಸ್ಪ್ಯಾನಿಷ್ ಮುಂತಾದ ಭಾಷೆಗಳಲ್ಲಿ ಕ್ರಮಸಂಖ್ಯೆಗೆ ಬಳಸುವ º ಅಕ್ಕಪಕ್ಕ ಇಟ್ಟು ನೋಡಿ: ಮೊದಲನೆಯದು ಶುದ್ಧ ವೃತ್ತ, ಎರಡನೆಯದು ಓ ಅಕ್ಷರದ ಹಾಗೆ ದಪ್ಪ ತೆಳುವಾಗಿದೆ, ಕೆಲವು ಫಾಂಟ್‌ಗಳಲ್ಲಿ ಅದರ ಅಡಿಗೆ ಗೆರೆಯೂ ಇರುತ್ತದೆ. 0176 ಬದಲು 0186 ಒತ್ತಿದರೆ ಬರುವುದು ಈ ಎರಡನೆಯದು. ಒಂದು ಫಾಂಟ್‌ನಲ್ಲಿ ಗೊತ್ತಾಗದ ತಪ್ಪು, ಫಾಂಟ್ ಬದಲಿಸಿದ ದಿನ ಎಲ್ಲ ತಾಪಮಾನಗಳ ಪಕ್ಕದಲ್ಲೂ ಎದ್ದು ನಿಲ್ಲುತ್ತದೆ.

ಗ್ರೀಕ್ ಬೀಟಾ ಬೇಕಾದಲ್ಲಿ ಜರ್ಮನ್ ಭಾಷೆಯ ಜೋಡಿ ಎಸ್ ಅಕ್ಷರ ಬರೆದಿರುವುದು ವಿಜ್ಞಾನದ ಸ್ಲೈಡ್‌ಗಳಲ್ಲಿ ಕಾಣಸಿಗುತ್ತದೆ. ಆಲ್ಟ್ 225 ಎಂಬ ಕೋಡ್ ಕೊಡುವುದು ಈ ಜರ್ಮನ್ ಅಕ್ಷರವನ್ನೇ. ಬೀಟಾ ಬೇಕಿದ್ದರೆ ಸಬ್‌ಸೆಟ್‌ನ ಗ್ರೀಕ್ ಗುಂಪಿನಿಂದ ತೆಗೆದುಕೊಳ್ಳಿ. ಹಾಗೆಯೇ ಋಣ ಸಂಖ್ಯೆಗೆ ಹೈಫನ್ ಹಾಕಿದರೆ ಅದು ಗಿಡ್ಡವಾಗಿ ಕಾಣುತ್ತದೆ, ಸಾಲಿನ ಕೊನೆಯಲ್ಲಿ ಹೈಫನ್ ಒಂದು ಕಡೆ, ಅಂಕಿ ಇನ್ನೊಂದು ಕಡೆ ಒಡೆದುಹೋಗುವ ಅಪಾಯವೂ ಇದೆ. 2212 ಕೋಡ್‌ನ − ಕೂಡು ಚಿಹ್ನೆಯಷ್ಟೇ ಅಗಲ, ಅದರ ನೇರಕ್ಕೇ ಕೂರುತ್ತದೆ. ಅಂಕಿ ಮತ್ತು ಅಳತೆಯ ಹೆಸರು ಎರಡು ಸಾಲಿಗೆ ಒಡೆಯದಂತೆ ನಡುವೆ ಒಡೆಯದ ಸ್ಪೇಸ್ ಹಾಕಿ: ಆಲ್ಟ್ 0160, ಮ್ಯಾಕ್‌ನಲ್ಲಿ ಆಪ್ಷನ್ ಜೊತೆ ಸ್ಪೇಸ್.

ಬಣ್ಣದ ವಿಷಯದಲ್ಲೂ ಒಂದು ಎಚ್ಚರಿಕೆ. 2713 ಕೋಡ್‌ನ ✓ ಬರೀ ಅಕ್ಷರ, ನೀವು ಕೊಟ್ಟ ಬಣ್ಣವನ್ನೇ ಹಿಡಿಯುತ್ತದೆ. 2714 ಕೋಡ್‌ನ ದಪ್ಪ ಟಿಕ್ ಎಮೋಜಿ ಪಟ್ಟಿಯಲ್ಲೂ ಸೇರಿದೆ, ಹಾಗಾಗಿ ಕೆಲವು ಸಾಧನಗಳಲ್ಲಿ ಅದು ತನ್ನದೇ ಬಣ್ಣದಲ್ಲಿ, ಬೇರೆ ಗಾತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ತಪ್ಪು ಗುರುತಿಗೂ ಅಷ್ಟೇ: 2717 ಬಳಸಿ, 2716 ಬಿಡಿ. ಬಾಣಗಳಲ್ಲಿ 2192 ಕ್ಷೇಮ.

ವಿಂಗ್‌ಡಿಂಗ್ಸ್ ಎಂಬ ವೇಷ

ವಿಂಗ್‌ಡಿಂಗ್ಸ್ ಫಾಂಟ್‌ನಲ್ಲಿ ಚೆಂದದ ಟಿಕ್, ಬಾಣ, ಕೈ, ದೂರವಾಣಿ ಎಲ್ಲ ಇವೆ. ಆದರೆ ಅವು ನಿಜವಾದ ಚಿಹ್ನೆಗಳಲ್ಲ, ಮಾಮೂಲಿ ಅಕ್ಷರಗಳಿಗೆ ತೊಡಿಸಿದ ವೇಷ. ಆ ಟಿಕ್‌ನ ಹಿಂದೆ ಇರುವುದು ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಯು ಅಕ್ಷರ. ಬಲಬಾಣದ ಹಿಂದೆ ಇರುವುದು ಓರೆಗೀಟು ಹೊತ್ತ ಎ. ನಗುಮುಖದ ಹಿಂದೆ ಜೆ. ಇಮೇಲ್‌ಗಳಲ್ಲಿ ವಾಕ್ಯದ ಕೊನೆಗೆ ಅರ್ಥವಿಲ್ಲದೆ ಒಂದು ಜೆ ಕಂಡಿದ್ದರೆ, ಅದು ಕಳುಹಿಸಿದವರ ಕಡೆ ನಗುಮುಖವಾಗಿತ್ತು. ಫಾಂಟ್ ಕಳಚಿದ ಕೂಡಲೇ ಹಿಂದಿನ ಅಕ್ಷರ ಈಚೆ ಬರುತ್ತದೆ.

ನಿಮ್ಮ ಹಳೆಯ ಸ್ಲೈಡ್‌ಗಳಲ್ಲಿ ಇಂಥವು ಎಷ್ಟಿವೆ ಎಂದು ತಿಳಿಯಲು ಪಠ್ಯವನ್ನು ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ. → ಮತ್ತು ✓ ಹಾಗೇ ಉಳಿದರೆ ಅವು ಯೂನಿಕೋಡ್. ವಿಚಿತ್ರ ಅಕ್ಷರವೋ ಖಾಲಿ ಚೌಕವೋ ಆದರೆ ವಿಂಗ್‌ಡಿಂಗ್ಸ್. ಅಳಿಸಿ, ಮೇಲೆ ಕೊಟ್ಟ ಕೋಡ್‌ನಿಂದ ಹೊಸದಾಗಿ ಹಾಕಿ.

ಕನ್ನಡ ಪಠ್ಯದ ನಡುವೆ

ಇದೇ ವೇಷದ ತೊಂದರೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಇನ್ನೂ ಜೋರು. ಯೂನಿಕೋಡ್ ಅಲ್ಲದ ಆ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ಕೂತಿರುವುದೇ ಈ ಚಿಹ್ನೆಗಳ ಜಾಗದಲ್ಲಿ. ಹಾಗಾಗಿ ನುಡಿಯಲ್ಲಿ ಬರೆದ ಸಾಲಿನ ಮಧ್ಯೆ ಆಲ್ಟ್ 0176 ಒತ್ತಿದರೆ ° ಬದಲು ‘ಲಿ’ ಮೂಡುತ್ತದೆ. © ಹಾಕಿದರೆ ‘ಬಿ’, ½ ಹಾಕಿದರೆ ‘ಳಿ’. ಚಿಹ್ನೆ ಸರಿಯಾಗಿಯೇ ಬಂದಿದೆ, ಫಾಂಟ್ ಅದನ್ನು ಕನ್ನಡವೆಂದು ಬಿಡಿಸುತ್ತಿದೆ ಅಷ್ಟೇ. ಆ ಒಂದು ಅಕ್ಷರವನ್ನು ಮಾತ್ರ ಆರಿಸಿ ಏರಿಯಲ್ ಕೊಟ್ಟರೆ ° ಕಾಣುತ್ತದೆ. ತಿರುಗಿ ಇಡೀ ಬಾಕ್ಸ್ ಆರಿಸಿ ಫಾಂಟ್ ಬದಲಿಸಿದರೆ ಮತ್ತೆ ಕೆಡುತ್ತದೆ. ಶಾಶ್ವತ ಪರಿಹಾರ ಒಂದೇ: ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ವಿಂಡೋಸ್‌ನ ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡದಲ್ಲಿ ಇಡುವುದು. ಪರಿವರ್ತನೆಗೆ ಮುಂಚೆ ಬೇರೆ ಫಾಂಟ್ ಕೊಟ್ಟು ಕೂರಿಸಿದ್ದ ಚಿಹ್ನೆಗಳನ್ನು ತೆಗೆದಿಡಿ. ಇಲ್ಲದಿದ್ದರೆ ಪರಿವರ್ತಕ 25° ಅನ್ನು ‘25ಲಿ’ ಮಾಡಿಬಿಡುತ್ತದೆ.

ರೂಪಾಯಿ ಚಿಹ್ನೆ ₹ ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ, 6.0 ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಫಾಂಟ್‌ಗಳಲ್ಲಿ ಅದು ಇಲ್ಲ. ಕೋಡ್ 20ಬಿ9, ಕೋಡ್‌ನಲ್ಲಿ ಬರುವ ಅಕ್ಷರವನ್ನು ಇಂಗ್ಲಿಷ್ ಕೀಲಿಯಲ್ಲೇ ಒತ್ತಬೇಕು. ವಿಂಡೋಸ್‌ನ ಇಂಗ್ಲಿಷ್ ಇಂಡಿಯಾ ಲೇಔಟ್‌ನಲ್ಲಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೂ ಬರುತ್ತದೆ. ಚಿಹ್ನೆ ಹೊಸದಾಗಿದ್ದ ಹೊತ್ತಿನಲ್ಲಿ ಹರಿದಾಡಿದ ಕೆಲವು ಫಾಂಟ್‌ಗಳು ಎಸ್ಕೇಪ್ ಕೆಳಗಿನ ಬ್ಯಾಕ್‌ಟಿಕ್ ಕೀಗೆ ರೂಪಾಯಿಯ ರೂಪ ಕೊಟ್ಟಿದ್ದವು. ಹಳೆಯ ಸ್ಲೈಡ್‌ನಲ್ಲಿ ಮೊತ್ತದ ಮುಂದೆ ` ಕಂಡರೆ ಅದು ₹ ಆಗಿತ್ತೆಂದು ತಿಳಿದು ತಿದ್ದಿ.

ಕಾಣದ ಎರಡು ಅಕ್ಷರಗಳು ಕನ್ನಡಕ್ಕೆ ತೀರಾ ಅಗತ್ಯ. ‘ಸಾಫ್ಟ್ವೇರ್’ ಎಂದು ವ ಒತ್ತಾಗಿ ಕೆಳಗೆ ಸೇರಿಕೊಳ್ಳುವುದನ್ನು ತಡೆದು ‘ಸಾಫ್ಟ್‌ವೇರ್’ ಎಂದು ಬಿಡಿಸಿ ನಿಲ್ಲಿಸುವುದು 200ಸಿ ಕೋಡ್‌ನ ಅಕ್ಷರ. ‘ರ್ಯಾಂಕ್’ ಎಂದು ಅರ್ಕಾವೊತ್ತು ಬರುವ ಬದಲು ‘ರ‍್ಯಾಂಕ್’ ಎಂದು ರ ಪೂರ್ತಿಯಾಗಿ ನಿಲ್ಲಲು 200ಡಿ. ‘ಬರಹ’ ತಂತ್ರಾಂಶದಲ್ಲಿ ಮೊದಲನೆಯದಕ್ಕೆ ಎರಡು ಸಲ, ಎರಡನೆಯದಕ್ಕೆ ಒಂದು ಸಲ ^ ಒತ್ತುತ್ತಾರೆ. ಪಠ್ಯ ಪರಿವರ್ತಕಗಳಲ್ಲಿ ಹಾದು ಬಂದಾಗ ಇವು ಉದುರಿಹೋಗುವುದುಂಟು, ಹಾಗಾಗಿ ಪೇಸ್ಟ್ ಮಾಡಿದ ಮೇಲೆ ಇಂಥ ಪದಗಳನ್ನು ಕಣ್ಣಿಟ್ಟು ನೋಡಿ. ಕನ್ನಡ ಅಂಕಿಗಳು, ಅವಗ್ರಹ ಽ ಬೇಕಿದ್ದರೆ ಸಿಂಬಲ್ ಕಿಟಕಿಯಲ್ಲಿ ನಿರ್ಮಲಾ ಯುಐ ಆರಿಸಿ ಸಬ್‌ಸೆಟ್‌ನಲ್ಲಿ ‘ಕನ್ನಡ’ಕ್ಕೆ ಹೋಗಿ.

ಮೇಲಂಕಿ, ಕೆಳಗಂಕಿ, ಸಮೀಕರಣ

ಪವರ್‌ಪಾಯಿಂಟ್‌ನಲ್ಲಿ ಅಂಕಿಯನ್ನು ಆರಿಸಿ ಕಂಟ್ರೋಲ್ ಜೊತೆ = ಒತ್ತಿದರೆ ಕೆಳಗಿಳಿಯುತ್ತದೆ; ಕಂಟ್ರೋಲ್, ಶಿಫ್ಟ್, = ಒತ್ತಿದರೆ ಮೇಲೇರುತ್ತದೆ. ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಮಾಮೂಲಿಗೆ ಮರಳುತ್ತದೆ. ಎಷ್ಟು ಮೇಲೇರಬೇಕೆಂಬುದನ್ನು ಫಾಂಟ್ ಕಿಟಕಿಯ ‘ಆಫ್‌ಸೆಟ್’ ನಿರ್ಧರಿಸುತ್ತದೆ: ಮೇಲಂಕಿಗೆ 30%, ಕೆಳಗಂಕಿಗೆ −25% ಮೊದಲೇ ಇರುತ್ತದೆ. ಸ್ಲೈಡ್‌ನಿಂದ ಬೇರೆ ಕಡೆ ಕಾಪಿ ಮಾಡುವ ಸಾಧ್ಯತೆ ಇದ್ದರೆ ಈ ಫಾರ್ಮ್ಯಾಟಿಂಗ್‌ಗಿಂತ ² ³ ಎಂಬ ನಿಜವಾದ ಚಿಹ್ನೆಗಳೇ ಮೇಲು. ಫಾರ್ಮ್ಯಾಟಿಂಗ್ ಕಳಚಿದರೆ 10² ಎಂಬುದು 102 ಆಗುತ್ತದೆ, ಓದುವವರಿಗೆ ಅನುಮಾನವೂ ಬರುವುದಿಲ್ಲ.

ವರ್ಗಮೂಲ, ಭಿನ್ನರಾಶಿ, ಮೊತ್ತದ ಚಿಹ್ನೆ ಒಟ್ಟಿಗೆ ಬಂದರೆ ಬಿಡಿ ಚಿಹ್ನೆ ಜೋಡಿಸುವ ಸಾಹಸ ಬೇಡ. ಆಲ್ಟ್ ಜೊತೆ = ಒತ್ತಿ ಸಮೀಕರಣದ ಜಾಗ ತೆರೆಯಿರಿ. ಅಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಗ್ರೀಕ್ ಅಕ್ಷರದ ಇಂಗ್ಲಿಷ್ ಹೆಸರು ಬರೆದು ಸ್ಪೇಸ್ ಒತ್ತಿದರೆ ಆ ಅಕ್ಷರವೇ ಬರುತ್ತದೆ.

ಬೇರೆ ಕಂಪ್ಯೂಟರಿಗೆ ಒಯ್ಯುವ ಮುಂಚೆ

ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಕಂಡರೆ ಅಲ್ಲಿನ ಯಾವ ಫಾಂಟ್‌ನಲ್ಲೂ ಆ ಚಿಹ್ನೆ ಸಿಗಲಿಲ್ಲ ಎಂದರ್ಥ. ಬೇರೆ ಫಾಂಟ್‌ನಿಂದ ಎರವಲು ಸಿಕ್ಕರೆ ಚಿಹ್ನೆ ಕಾಣುತ್ತದೆ, ಆದರೆ ಆ ಸಾಲಿನ ಎತ್ತರ ಹೆಚ್ಚಿ ಕೆಳಗಿನ ಸಾಲುಗಳು ಜಾರುತ್ತವೆ. ಇದಕ್ಕೆ ಪ್ಯಾರಾಗ್ರಾಫ್ ಕಿಟಕಿಯ ಲೈನ್ ಸ್ಪೇಸಿಂಗ್‌ನಲ್ಲಿ ‘ಎಕ್ಸಾಕ್ಟ್ಲಿ’ ಆರಿಸಿ ಪಾಯಿಂಟ್ ಲೆಕ್ಕ ಕೊಡಿ. 24 ಪಾಯಿಂಟ್ ಅಕ್ಷರಕ್ಕೆ 30ರಿಂದ ಶುರುಮಾಡಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಇನ್ನಷ್ಟು ಜಾಗ ಬೇಕಾಗಬಹುದು. ಒತ್ತಿಗೆ ಒತ್ತು ತಾಗದಷ್ಟು ಬಿಡಿ.

ಫೈಲ್, ಆಪ್ಷನ್ಸ್, ಸೇವ್‌ನಲ್ಲಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಗುರುತು ಹಾಕಿದರೆ ಫಾಂಟ್ ಫೈಲ್‌ನೊಂದಿಗೇ ಹೋಗುತ್ತದೆ. ಅದರಡಿ ಎರಡು ಆಯ್ಕೆ: ಬಳಸಿದ ಅಕ್ಷರಗಳಷ್ಟೇ, ಅಥವಾ ಎಲ್ಲ ಅಕ್ಷರ. ಆ ಕಡೆ ಯಾರಾದರೂ ತಿದ್ದುವವರಿದ್ದರೆ ಎರಡನೆಯದನ್ನು ಆರಿಸಿ, ಫೈಲ್ ದೊಡ್ಡದಾದರೂ ಸರಿ. ಪರವಾನಗಿ ಅನುಮತಿಸದ ಫಾಂಟ್‌ಗಳು ಹೀಗೆ ಸೇರುವುದಿಲ್ಲ. ಅನಿಮೇಷನ್ ಇಲ್ಲದ ಸ್ಲೈಡ್‌ಗಳಾದರೆ ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಡಿ, ಅದರಲ್ಲಿ ಚಿಹ್ನೆಗಳು ನೀವು ಕಂಡ ಹಾಗೇ ಇರುತ್ತವೆ.

ಯಾವುದಕ್ಕೂ ಬಗ್ಗದ ಅಪರೂಪದ ಚಿಹ್ನೆ ಒಂದೆರಡು ಉಳಿದರೆ ಅವನ್ನು ಪ್ರತ್ಯೇಕ ಟೆಕ್ಸ್ಟ್ ಬಾಕ್ಸ್‌ನಲ್ಲಿ ದೊಡ್ಡದಾಗಿ ಬರೆದು, ಬಾಕ್ಸ್ ಕತ್ತರಿಸಿ, ಪೇಸ್ಟ್ ಆಯ್ಕೆಗಳಲ್ಲಿ ‘ಪಿಕ್ಚರ್’ ಆರಿಸಿ ಅಂಟಿಸಿ. ಇನ್ನು ಅದು ಚಿತ್ರ, ಫಾಂಟ್‌ನ ಹಂಗಿಲ್ಲ. ಹುಡುಕಿದರೆ ಸಿಗುವುದಿಲ್ಲ, ಪಠ್ಯ ಸರಿದಾಗ ಜೊತೆಗೆ ಸರಿಯುವುದೂ ಇಲ್ಲ, ಆದ್ದರಿಂದ ಸ್ಲೈಡ್‌ನ ಉಳಿದ ಕೆಲಸ ಮುಗಿದ ಮೇಲೆ ಕೊನೆಗೆ ಮಾಡಿ. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ಟ್ ಟೆಕ್ಸ್ಟ್’ ಜಾಗದಲ್ಲಿ ಚಿಹ್ನೆಯ ಹೆಸರು ಬರೆಯುವುದನ್ನು ಬಿಡಬೇಡಿ. ಸ್ಕ್ರೀನ್ ರೀಡರ್‌ಗೆ ಓದಲು ಸಿಗುವುದು ಅದೊಂದೇ.